ಸೆರಗು ಸರಿಸಿದ ರಾಣಿಯ ಮುಖ

ಐರಿಷ್ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ಬಲಗಡೆಯವಳು ಸೆರಗು ಸರಿಸಿ ತೋಳಿನತ್ತ ಕೈ ತೋರಿದ್ದಾಳೆ. ಮೂವರೂ ನರ್ತಕಿಯರೆಂಬ ನಂಬಿಕೆ ಬಹಳ ಕಾಲ ಇತ್ತು. ಹಾಗೆ ನಂಬಿ ನೋಡಿದರೆ ಆ ಭಂಗಿ ಒಯ್ಯಾರವೆನಿಸುತ್ತದೆ.

ನನಗೆ ಅದು ಒಯ್ಯಾರವಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಚುಚ್ಚುಮದ್ದು ಹಾಕುತ್ತಲೇ ನಿವೃತ್ತಳಾದವಳು ನಾನು. ಸೂಜಿಗೆ ಮುಂಚೆ ಹುಬ್ಬು ಗಂಟಿಕ್ಕುತ್ತದೆ, ತುಟಿ ಬಿಗಿಯುತ್ತದೆ. ಆದಮೇಲೆ ಮುಖ ಸಡಿಲವಾಗುತ್ತದೆ. ಈ ಹುಡುಗಿಯದು ಆಮೇಲಿನ ಮುಖ.

ಇತಿಹಾಸಕಾರ ನೈಜಲ್ ಚಾನ್ಸಲರ್ ಅವರ ವಿವರಣೆಯೂ ಇದಕ್ಕೆ ಹೊಂದುತ್ತದೆ. ಅವರ ಪ್ರಕಾರ ಈಕೆ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ಆಕೆಯ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿರುವುದು ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದ ಹಳೆಯ ಪದ್ಧತಿಯ ಗುರುತು. ನಡುವೆ ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿ. ಜೆನ್ನರ್ ಕಂಡುಹಿಡಿದ ಲಸಿಕೆ ಬೊಂಬಾಯಿ ಮುಟ್ಟಿದ್ದೇ 1802ರಲ್ಲಿ. ಹಸುವಿನಿಂದ ಬಂದ ಮದ್ದೆಂದು ಜನ ಅನುಮಾನಿಸುತ್ತಿದ್ದ ಕಾಲದಲ್ಲಿ ಅರಮನೆಯ ಹೆಣ್ಣುಮಗಳೇ ತೋಳು ತೋರಿಸಿದಳು.

ಆದರೆ ಅವಳು ಇನ್ನೂ ಮಗು. ಲಸಿಕೆ ಬೇಕೇ ಎಂದು ಅವಳನ್ನು ಯಾರಾದರೂ ಕೇಳಿದ್ದರೋ ಇಲ್ಲವೋ, ಚಿತ್ರ ಹೇಳುವುದಿಲ್ಲ. ಅವಳ ನೆಮ್ಮದಿಯನ್ನು ಒಪ್ಪಿಗೆ ಎಂದು ಓದುವ ಹಕ್ಕು ನಮಗಿಲ್ಲ.

ಆದರೂ ತೋರಿಸಿದ ತೋಳಿನ ಬಲವನ್ನು ನಾನು ಕಂಡಿದ್ದೇನೆ. ಕೊರೊನಾ ಲಸಿಕೆ ಹಾಕಲು 2021ರಲ್ಲಿ ಮನೆಮನೆಗೆ ಹೋದಾಗ, "ಹುಳ ನಾಲ್ಕನೇ ಜ್ವರ ಎದ್ದವೆ ನರ್ಸಮ್ಮ, ಸೊಪ್ಪು ಹಾಕ್ಬೇಕು" ಎಂದು ಬಾಗಿಲಲ್ಲೇ ಕಳಿಸಿದವರಿದ್ದರು. ಅದು ನಾಲ್ಕನೇ ಪೊರೆ ಕಳಚಿದ ರೇಷ್ಮೆಹುಳಗಳ ಸೊಪ್ಪಿನ ಚಿಂತೆಯಷ್ಟೇ ಅಲ್ಲ, ಭಯವೂ ಹೌದು. ನನ್ನ ಕರಪತ್ರ ಅವರನ್ನು ಒಪ್ಪಿಸಲಿಲ್ಲ. ಅದೇ ಬೀದಿಯ ಅಜ್ಜಿಯೊಬ್ಬರು ರವಿಕೆಯ ತೋಳು ಮೇಲೆತ್ತಿ, "ನೋಡ್ರಮ್ಮ, ನಂಗೇನಾಯ್ತು?" ಎಂದ ಮೇಲೆ ಸಾಲು ನಿಂತಿತು. ಸಿಡುಬನ್ನು "ಅಮ್ಮ" ಎಂದು ಕೈಮುಗಿಯುತ್ತಿದ್ದ ತಲೆಮಾರಿನ ಅವರ ತೋಳಲ್ಲಿ ಹಳೆಯ ಲಸಿಕೆಯ ಗುಂಡು ಗುರುತೂ ಇತ್ತು. ಭಾರತ 1977ರಲ್ಲಿ ಸಿಡುಬುಮುಕ್ತವೆಂದು ಘೋಷಿತವಾದದ್ದು ಅಂಥ ಕೋಟ್ಯಂತರ ತೋಳುಗಳಿಂದ.

ಹಾಗಾಗಿ ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಇಷ್ಟು: ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಚಿತ್ರದ ಪ್ರತಿ ಹಾಕಿ, ಕೆಳಗೆ ಕನ್ನಡ, ತೆಲುಗು, ಉರ್ದುವಿನಲ್ಲಿ ಕಥೆ ಬರೆಸಿ. ಜೊತೆಗೆ, ಲಸಿಕೆ ಹಾಕುವ ಮುನ್ನ ಎದುರಿಗಿರುವವರ ಮುಖ ನೋಡಿ ಭಯವೇನೆಂದು ಕೇಳುವಷ್ಟು ಸಮಯವನ್ನು ನಮ್ಮ ಸಹಾಯಕಿಯರಿಗೆ ಕೊಡಿ. ಗುರಿಯ ಅಂಕಿ ಮುಟ್ಟುವ ಅವಸರದಲ್ಲಿ ಮೊದಲು ಕೈಬಿಡುವುದು ಆ ಪ್ರಶ್ನೆಯನ್ನೇ.