ಬೀಜದ ಬ್ಲೂಬೆರಿ

ಬ್ಲೂಬೆರಿ ಗಿಡ ಬೀಜದಿಂದ ಬೆಳೆಸಬೇಡಿ ಅಂತ ಇಲ್ಲಿ ಯಾವ ನರ್ಸರಿಯವನನ್ನ ಕೇಳಿದ್ರೂ ಹೇಳ್ತಾನೆ. ಇಲ್ಲಿ ಅಂದ್ರೆ ನ್ಯೂಜೆರ್ಸಿಯಲ್ಲಿ. ಕಾರಣವನ್ನೂ ಸರಿಯಾಗೇ ಕೊಡ್ತಾನೆ. ಬೀಜ ಹಾಕಿದ್ರೆ ಹಣ್ಣು ಕಾಣೋಕೆ ಮೂರ್ನಾಲ್ಕು ವರ್ಷ ಬೇಕು, ಒಮ್ಮೊಮ್ಮೆ ಇನ್ನೂ ಜಾಸ್ತಿ. ಬಂದ ಹಣ್ಣು ನೀವು ತಿಂದ ಹಣ್ಣಿನ ಹಾಗೇ ಇರುತ್ತೆ ಅನ್ನೋ ಭರವಸೆಯೂ ಇಲ್ಲ. ಸುಮ್ನೆ ಒಂದು ಗಿಡ ತಗೊಂಡು ಹೋಗಿ ನೆಡಿ, ಕೆಲಸ ಮುಗೀತು. ನಮ್ಮ ಸಾಫ್ಟ್‌ವೇರ್ ಮಿತ್ರರ ವಾದ ಇದಕ್ಕಿಂತ ಚಿಕ್ಕದು: "ನಾಲ್ಕು ವರ್ಷ ನೀನು ಇಲ್ಲೇ ಇರ್ತೀಯೇನೋ?"

ನಂಗೆ ಎರಡೂ ವಾದ ಒಪ್ಪಿಗೆ ಇಲ್ಲ. ಮೊದಲು ನರ್ಸರಿಯವನದ್ದು ನೋಡೋಣ.

ಊರಿಗೆ ಫೋನ್ ಮಾಡಿ ಬ್ಲೂಬೆರಿ ಅಂದ್ರೆ ಅಮ್ಮ "ನೇರಳೆ ಹಣ್ಣೇನೋ?" ಅಂತ ಕೇಳ್ತಾಳೆ. ಬಣ್ಣ ಬಿಟ್ರೆ ಎರಡಕ್ಕೂ ಸಂಬಂಧ ಇಲ್ಲ. ನೇರಳೆಗೆ ದಪ್ಪನೆಯ ಒಂದು ಬೀಜ. ಇದರಲ್ಲಿ ಹತ್ತಾರು ಬೀಜ, ಒಂದೊಂದೂ ರಾಗಿಗಿಂತ ಸಣ್ಣ, ತಿನ್ನುವಾಗ ಗೊತ್ತೇ ಆಗಲ್ಲ. ಮಾವಿನ ಲೆಕ್ಕದಲ್ಲಿ ಹೇಳಿದ ಮೇಲೆ ಅಮ್ಮನಿಗೆ ತಟ್ಟನೆ ಅರ್ಥ ಆಯ್ತು. ಆಪೂಸ್ ಹಣ್ಣಿನ ಓಟೆ ಹುಗಿದ್ರೆ ಆಪೂಸೇ ಬರುತ್ತೆ ಅಂತೇನಿಲ್ಲ, ಅದಕ್ಕೇ ಅಲ್ವಾ ಕಸಿ ಕಟ್ಟೋದು? ಬ್ಲೂಬೆರಿಯೂ ಹಾಗೇ. ಬ್ಲೂಕ್ರಾಪ್ ಅಂತ ಒಂದು ಹೆಸರಾಂತ ತಳಿ ಇದೆ, 1952ರಲ್ಲಿ ಬಿಡುಗಡೆ ಆಗಿದ್ದು. ಇವತ್ತು ಎಲ್ಲೆಲ್ಲಿ ಬ್ಲೂಕ್ರಾಪ್ ಇದೆಯೋ ಅಷ್ಟೂ ಒಂದೇ ಗಿಡದ ನಕಲು, ಕಡ್ಡಿ ಊರಿ ಅಥವಾ ಟಿಶ್ಯೂ ಕಲ್ಚರ್ ಮಾಡಿ ಬೆಳೆಸಿದ್ದು. ನಮ್ಮ ಆಫೀಸಿನ ಭಾಷೇಲಿ ಕಾಪಿ ಪೇಸ್ಟ್.

ಸರಿ, ಆ ಮೊದಲನೇ ಗಿಡ ಎಲ್ಲಿಂದ ಬಂತು? ಯಾರೋ ಬೀಜ ಹಾಕಿ, ಕಾದು, ರುಚಿ ನೋಡಿದ್ದಕ್ಕೇ ತಾನೆ!

ನಮ್ಮ ಮನೆಯಿಂದ ದಕ್ಷಿಣಕ್ಕೆ ಕಾರಲ್ಲಿ ಒಂದು ಗಂಟೆ ಹೋದ್ರೆ ಪೈನ್ ಕಾಡಿನ ನಡುವೆ ವೈಟ್ಸ್‌ಬಾಗ್ ಅನ್ನೋ ಹಳೇ ಊರು ಸಿಗುತ್ತೆ. ನೂರು ವರ್ಷದ ಹಿಂದೆ ಬ್ಲೂಬೆರಿಯನ್ನ ತೋಟದಲ್ಲಿ ಬೆಳೆಯೋಕೇ ಆಗಲ್ಲ, ಅದು ಕಾಡಿನ ಹಣ್ಣು ಅಂತ ಜನ ನಂಬಿದ್ರು. ಫ್ರೆಡೆರಿಕ್ ಕೋವಿಲ್ ಅನ್ನೋ ಸರ್ಕಾರಿ ಸಸ್ಯವಿಜ್ಞಾನಿ ಇದಕ್ಕೆ ಹುಳಿ ಮಣ್ಣೇ ಬೇಕು ಅಂತ ಕಂಡುಹಿಡಿದು 1910ರಲ್ಲಿ ಪ್ರಕಟಿಸಿದರು. ಅದನ್ನ ಓದಿದ ಎಲಿಜಬೆತ್ ವೈಟ್, ವೈಟ್ಸ್‌ಬಾಗಿನ ಕ್ರ್ಯಾನ್‌ಬೆರಿ ಬೆಳೆಗಾರರ ಮಗಳು, 1911ರಲ್ಲಿ ಅವರಿಗೆ ಕಾಗದ ಬರೆದರು: ನಮ್ಮ ಜಮೀನಲ್ಲೇ ಪ್ರಯೋಗ ಮಾಡಿ ಅಂತ. ಆಮೇಲೆ ಆಕೆ ಸುತ್ತಲಿನ ಕಾಡು ಬಲ್ಲ ಜನರ ಕೈಗೆ ತೂತಿರೋ ಅಳತೆಪಟ್ಟಿ ಕೊಟ್ಟು, ಈ ತೂತಲ್ಲಿ ತೂರದಷ್ಟು ದಪ್ಪ ಹಣ್ಣಿನ ಗಿಡ ತೋರಿಸಿದ್ರೆ ದುಡ್ಡು ಕೊಡ್ತೀನಿ ಅಂದರು. ಗಿಡಕ್ಕೆ ಕಂಡುಹಿಡಿದವನದೇ ಹೆಸರು. ರೂಬ್ ಲೀಕ್ ಅನ್ನೋನು ತೋರಿಸಿದ ಗಿಡ 'ರುಬೆಲ್' ಆಯ್ತು, ಈಗಲೂ ಬೆಳೀತಾರೆ. ಇಂಥಾ ಗಿಡಗಳನ್ನ ಒಂದಕ್ಕೊಂದು ಕೂಡಿಸಿ, ಬೀಜ ಹಾಕಿ, ರಾಶಿ ರಾಶಿ ಸಸಿ ಬೆಳೆಸಿ, ಅದರಲ್ಲಿ ಕೆಲವೇ ಕೆಲವನ್ನ ಆರಿಸಿದ್ದು ಕೋವಿಲ್. 1916ರಲ್ಲಿ ತೋಟದ ಬ್ಲೂಬೆರಿ ಮೊದಲ ಸಲ ಮಾರುಕಟ್ಟೆಗೆ ಹೋಯ್ತು.

ಇದನ್ನ ಓದ್ತಿದ್ರೆ ನಂಗೆ ಅಪ್ಪೆಮಿಡಿ ನೆನಪಾಗದೇ ಇರುತ್ತಾ? ಹೊಳೆ ದಂಡೇಲಿ ತಾನಾಗಿ ಹುಟ್ಟಿದ ಬೀಜದ ಮರ, ಒಂದೊಂದರ ಪರಿಮಳ ಒಂದೊಂದು ಥರ. ಯಾರೋ ಮಿಡಿ ಮುರಿದು ಮೂಸಿ ನೋಡಿ "ಇದು ಪಸಂದಾಗಿದೆ" ಅಂದ ಮೇಲೇ ಅದರ ಕಸಿ. ಅನಂತಭಟ್ಟನ ಅಪ್ಪೆ ಅಂತ ಮನುಷ್ಯರ ಹೆಸರಿನ ತಳಿಯೇ ಇದೆ. ರೂಬ್ ಲೀಕ್ ನಮ್ಮ ಕಡೆಯವನೇ ಅನ್ಸೋದು ಇದಕ್ಕೇ :)

ಹಾಗಂತ ನನ್ನ ಸಸಿಯಲ್ಲಿ ಮುಂದಿನ ಬ್ಲೂಕ್ರಾಪ್ ಹುಟ್ಟುತ್ತೆ ಅಂತ ನಾನು ಹೇಳ್ತಿಲ್ಲ. ಹೆಚ್ಚಿನವು ಸಣ್ಣ ಹಣ್ಣು, ಹುಳಿ ಹಣ್ಣೇ ಕೊಡೋದು. ನನ್ನ ತಕರಾರು ಇಷ್ಟೇ: "ಬೀಜದ್ದು ತಾಯಿಯ ಹಾಗಿರಲ್ಲ" ಅನ್ನೋದನ್ನ ದೋಷ ಅಂತ ಯಾಕೆ ಹೇಳ್ತೀರಿ?

ಮಾಡೋದೇನೂ ಕಷ್ಟ ಇಲ್ಲ, ತಾಳ್ಮೆ ಬೇಕು. ಚೆನ್ನಾಗಿ ಹಣ್ಣಾಗಿರೋದನ್ನ ಸುಮಾರು 90 ದಿನ ಫ್ರೀಜರಿನಲ್ಲಿಡಿ. ಒಂದು ಚಳಿಗಾಲ ಕಳೀತು ಅಂತ ಬೀಜಕ್ಕೆ ಅನ್ನಿಸಬೇಕು. ಆಮೇಲೆ ನೀರು ಹಾಕಿ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ, ಲೋಟಕ್ಕೆ ಬಗ್ಗಿಸಿ. ಗಟ್ಟಿ ಬೀಜ ತಳಕ್ಕೆ ಕೂರುತ್ತೆ, ಮೇಲಿನ ರಸ ಚೆಲ್ಲಿ. ಬೀಜವನ್ನ ಒದ್ದೆ ಪೀಟ್ ಮಾಸ್ ಮೇಲೆ ಉದುರಿಸಿ. ಹೂಳಬೇಡಿ, ಮೊಳೆಯೋಕೆ ಬೆಳಕು ಬೇಕು. ಒಂದು ತಿಂಗಳ ಹೊತ್ತಿಗೆ ಪಾಚಿಯಂಥ ಹಸಿರು ಕಾಣುತ್ತೆ, ಎರಡು ಮೂರು ಇಂಚು ಆದ ಮೇಲೆ ಬೇರೆ ಬೇರೆ ಕುಂಡಕ್ಕೆ. ಮಣ್ಣಿನ ಪಿಎಚ್ 4.5ರಿಂದ 5.5ರೊಳಗೆ ಇರಲೇಬೇಕು, ಇದೊಂದರಲ್ಲಿ ರಾಜಿ ಇಲ್ಲ. ಹುಳಿ ಕಮ್ಮಿ ಆದ್ರೆ ಗಿಡಕ್ಕೆ ಕಬ್ಬಿಣದ ಅಂಶ ದಕ್ಕದೆ ಎಲೆ ಹಳದಿ ಆಗುತ್ತೆ. ಫಿಲ್ಟರ್ ಕಾಫಿಯ ಚರಟ ಹಾಕಿದ್ರೆ ಮಣ್ಣು ಹುಳಿಯಾಗುತ್ತೆ ಅನ್ನೋದನ್ನ ನೆಚ್ಚಿಕೊಳ್ಳಬೇಡಿ. ಹುಳಿಯೆಲ್ಲ ಡಿಕಾಕ್ಷನ್ ಜೊತೆ ನಮ್ಮ ಹೊಟ್ಟೆಗೇ ಹೋಗಿರುತ್ತೆ.

ಇನ್ನು "ನಾಲ್ಕು ವರ್ಷ ಇರ್ತೀಯಾ" ಅನ್ನೋ ಪ್ರಶ್ನೆ. ಗೊತ್ತಿಲ್ಲ. ವೀಸಾ ಮೂರು ಮೂರು ವರ್ಷದ ಲೆಕ್ಕ, ಕೆಲಸ ಹೋದ್ರೆ 60 ದಿನದ ಗಡುವು. ಆ ಭಯ ಸುಳ್ಳಲ್ಲ. ಆದ್ರೆ ಅದೇ ಭಯದಲ್ಲಿ ಮೆಂತ್ಯ, ಕೊತ್ತಂಬರಿ ಬಿಟ್ಟು ಏನೂ ನೆಡದೆ, ಗೋಡೆಗೆ ಮೊಳೆ ಹೊಡೆಯದೆ, ಮಾರೋಕೆ ಸುಲಭ ಆಗೋ ಮಂಚ ಮೇಜು ಮಾತ್ರ ತಗೊಂಡು ಹತ್ತು ಹನ್ನೆರಡು ವರ್ಷ ಇಲ್ಲೇ ಕಳೆದವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ! "ಗ್ರೀನ್ ಕಾರ್ಡ್ ಬರಲಿ, ಆಮೇಲೆ ನೋಡೋಣ" ಅಂತಾರೆ. ಭಾರತದಲ್ಲಿ ಹುಟ್ಟಿದವರ ಆ ಸಾಲು ದಶಕಗಳಷ್ಟು ಉದ್ದ ಇದೆ. ನನ್ನ ಪ್ರಕಾರ ಬಾಡಿಗೆ ಮನೆಯವನೂ ನಿಧಾನದ ಗಿಡ ನೆಡಬೇಕು. ಕುಂಡದಲ್ಲಿದ್ರೆ ಮನೆ ಬದಲಿಸಿದಾಗ ಜೊತೆಗೆ ಬರುತ್ತೆ. ದೇಶವನ್ನೇ ಬಿಡಬೇಕಾಗಿ ಬಂದ್ರೆ ಪಕ್ಕದ ಮನೆಯವರಿಗೆ ಕೊಡಬಹುದು. ನೋಡಿಕೊಂಡ್ರೆ ಇದು ದಶಕಗಟ್ಟಲೆ ಬದುಕೋ ಗಿಡ. ಊರಿಗೆ ಒಯ್ಯೋ ಆಸೆ ಬೇಡ. ನಮ್ಮ ಮಲೆನಾಡಿನ ಮಣ್ಣೇನೋ ಹುಳಿಯೇ, ಆದ್ರೆ ಈ ಕಡೆಯ ತಳಿಗಳು ಕೇಳೋಷ್ಟು ಚಳಿ ಅಲ್ಲಿಲ್ಲ.

ಬೇಗ ಹಣ್ಣು ತಿನ್ನಬೇಕು ಅನ್ನೋರು ಜೊತೆಗೆ ನರ್ಸರಿ ಗಿಡವನ್ನೂ ಇಟ್ಕೊಳ್ಳಿ, ನಾನೂ ಇಟ್ಟಿದ್ದೀನಿ. ಎರಡು ಬೇರೆ ತಳಿ ಇದ್ರೆ ಹಣ್ಣು ಇನ್ನೂ ದಪ್ಪ ಬರುತ್ತೆ. ಬೀಜದ ಸಸಿ ನನ್ನ ಹತ್ರ ಈಗ 23 ಇವೆ, ಇರೋ ಜಾಗ ಎಂಟು ಕುಂಡಕ್ಕೆ. ಎಡಿಸನ್ ಕಡೆ ಇರೋರಿಗೆ ಬೇಕಾದ್ರೆ ಶನಿವಾರ ಬಂದು ತಗೊಂಡು ಹೋಗಿ. ಯಾವ ತಳಿ ಅಂತ ಮಾತ್ರ ಕೇಳಬೇಡಿ.