ಯಾರನ್ನು ಕೇಳಿ ಬರೆದ ಲೆಕ್ಕ?

ಕುರಿಯನ್ನು ಕೇಳಿ ಮಸಾಲೆ ಅರೆಯುವವರುಂಟೆ ಎಂಬ ಗಾದೆ ನಮ್ಮಲ್ಲಿದೆ. ಗಾದೆ ಹಳೆಯದಾಯಿತು. ಈಗ ಮಸಾಲೆ ಅರೆಯುವ ಮೊದಲು ಕೇಳುವ ಸಂಪ್ರದಾಯ ಬಂದಿದೆ. ಆದರೆ ಕೇಳುವುದು ಕುರಿಯನ್ನಲ್ಲ, ಕಟುಕನನ್ನು. ಕುರಿಗಳು ಸಾಲದೆ ಬಂದಿವೆಯೆ, ಮುಂದಿನ ಆರು ತಿಂಗಳಿಗೆ ಇನ್ನೆಷ್ಟು ಬೇಕಾದೀತು ಎಂದು ಅವನನ್ನೇ ವಿಚಾರಿಸಿ, ಉತ್ತರಗಳನ್ನು ಕೂಡಿಸಿ, ಶೇಕಡಾವಾರು ತೆಗೆದು, ಅಚ್ಚು ಹಾಕಿಸಿ, ಅದಕ್ಕೆ ಶಾಸ್ತ್ರೀಯ ಸಮೀಕ್ಷೆಯೆಂದು ಹೆಸರಿಡುತ್ತಾರೆ.

ಇದು ಬರಿಯ ಮೂದಲಿಕೆಯಲ್ಲ. ಹಂಗೇರಿ ದೇಶದಲ್ಲಿ ನಡೆದುದನ್ನು ವಾಚಕರ ಮುಂದಿಡುತ್ತೇವೆ. ತೀರ್ಪು ನೀವೇ ಕೊಡಿ.

ನಮ್ಮ ಗಿರಣಿ ಬೀದಿಗೂ ಬುಡಾಪೆಸ್ಟ್ ನಗರಕ್ಕೂ ಏನು ನಂಟು ಎಂದು ಕೆಲವರು ಕೇಳಬಹುದು. ಹಳೆಯ ಸಮಾಜವಾದಿಗಳು ಕೇಳಲಾರರು. ೧೯೫೬ರಲ್ಲಿ ಹಂಗೇರಿಯ ಕಾರ್ಮಿಕರು ಕಾರ್ಖಾನೆ ಕಾರ್ಖಾನೆಗಳಲ್ಲಿ ತಮ್ಮದೇ ಸಮಿತಿಗಳನ್ನು ಆರಿಸಿಕೊಂಡರು. ರಷ್ಯದ ಟ್ಯಾಂಕುಗಳು ನುಗ್ಗಿದ ಮೇಲೂ, ನವೆಂಬರಿನಲ್ಲಿ ಬುಡಾಪೆಸ್ಟಿನ ಸಮಿತಿಗಳೆಲ್ಲ ಸೇರಿ ಕೇಂದ್ರ ಕಾರ್ಮಿಕ ಮಂಡಲಿಯೊಂದನ್ನು ಕಟ್ಟಿದವು. ಅದರ ಮುಂದಾಳು ಶಾಂದೋರ್ ರಾಟ್ಸ್, ಇಪ್ಪತ್ತಮೂರು ವರ್ಷದ ಕಾರ್ಖಾನೆಯ ಕೆಲಸಗಾರ. ಮಾತುಕತೆಗೆಂದು ಕರೆಸಿ ಡಿಸೆಂಬರ್ ೧೧ರಂದು ಅವರನ್ನು ಸೆರೆ ಹಿಡಿದರು; ಮುಂದೆ ಜೀವಾವಧಿ ಸಜೆ ವಿಧಿಸಿದರು. ಆ ದಿನಗಳಲ್ಲಿ ದೆಹಲಿ ಸರ್ಕಾರ ಹಿಂದುಮುಂದು ನೋಡಿದಾಗ ಜಯಪ್ರಕಾಶ ನಾರಾಯಣರು ಅದನ್ನು ಬಹಿರಂಗವಾಗಿ ಖಂಡಿಸಿದರು. ಅಂದಿನಿಂದ ಹಂಗೇರಿಯ ದುಡಿಮೆಗಾರನ ಸುದ್ದಿ ನಮಗೆ ಪರರ ಸುದ್ದಿಯಲ್ಲ.

೧೯೮೯-೯೦ರಲ್ಲಿ ಆ ಆಳ್ವಿಕೆ ಬಿತ್ತು. ಜರ್ಮನಿಯ ಬಂಡವಾಳ ಬಂತು, ಮೋಟಾರು ಕಾರ್ಖಾನೆಗಳು ಎದ್ದವು. ಜೊತೆಗೇ ಸಮೀಕ್ಷೆಗಳೂ ಬಂದವು. ಹಂಗೇರಿಯ ವಾಣಿಜ್ಯ ಮತ್ತು ಕೈಗಾರಿಕಾ ಚೇಂಬರಿಗೆ ತನ್ನದೇ ಸಂಶೋಧನಾ ಸಂಸ್ಥೆಯಿದೆ. ಅದು ಕಂಪನಿಗಳಿಗೆ ನಿಯಮಿತವಾಗಿ ಪ್ರಶ್ನೆ ಹಾಕುತ್ತದೆ. ಆರ್ಡರುಗಳು ಹೇಗಿವೆ? ಲಾಭ ಹೇಗಿದೆ? ಹೊಸ ಯಂತ್ರ ಹಾಕುವ ಆಲೋಚನೆಯುಂಟೆ? ಜನರನ್ನು ಸೇರಿಸಿಕೊಳ್ಳುತ್ತೀರಾ, ಕಡಿಮೆ ಮಾಡುತ್ತೀರಾ? ವ್ಯವಹಾರಕ್ಕೆ ಅಡ್ಡಿ ಯಾವುದು? ಚೆನ್ನಾಗಿದೆ ಎಂದವರ ಶೇಕಡಾದಿಂದ ಕೆಟ್ಟಿದೆ ಎಂದವರ ಶೇಕಡಾ ಕಳೆಯುತ್ತಾರೆ. ನೂರು ಒಡೆಯರಲ್ಲಿ ನಲವತ್ತು ಮಂದಿ ಚೆನ್ನಾಗಿದೆ, ಇಪ್ಪತ್ತೈದು ಮಂದಿ ಕೆಟ್ಟಿದೆ, ಉಳಿದವರು ಇದ್ದ ಹಾಗೇ ಇದೆ ಎಂದರೆನ್ನಿ. ಅಂಕಿ ಹದಿನೈದು. ಇದು ವ್ಯಾಪಾರದ ಹವಾಮಾನವಂತೆ! ಜರ್ಮನ್-ಹಂಗೇರಿ ಚೇಂಬರೂ ವರ್ಷ ವರ್ಷ ಕಂಪನಿಗಳನ್ನು ಹೀಗೆಯೇ ವಿಚಾರಿಸುತ್ತದೆ: ತೆರಿಗೆ ತೃಪ್ತಿಕರವೆ, ಕಾನೂನು ತೃಪ್ತಿಕರವೆ, ಆಳುಗಳು ಸಿಗುತ್ತಾರೆಯೆ?

ಈ ಕೆಲಸ ಮಾಡುವ ಸಂಶೋಧಕರನ್ನು ನಾವು ಹಳಿಯುವುದಿಲ್ಲ. ಯಾರನ್ನು ಕೇಳಿದೆವೆಂಬುದನ್ನು ಅವರು ಮುಚ್ಚಿಡುವುದಿಲ್ಲ. ಸರ್ಕಾರದ ಅಂಕಿ-ಅಂಶ ಕಚೇರಿ ಮನೆಗಳನ್ನೂ ವಿಚಾರಿಸಿ, ಕೆಲಸ ಇದ್ದವರೆಷ್ಟು ಇಲ್ಲದವರೆಷ್ಟು ಎಂದು ಬರೆದುಕೊಳ್ಳುತ್ತದೆ, ಅದೂ ನಿಜ. ಮೋಸ ಶುರುವಾಗುವುದು ಒಡೆಯರ ಬಾಯಿಂದ ಬಂದ ಮಾತನ್ನು ದೇಶದ ಮಾತೆಂದು ಮಂತ್ರಿಗಳು ಎತ್ತಿ ಆಡಿದಾಗ.

ನಾವು ಮೇಷ್ಟರ ಕೆಲಸದಲ್ಲಿದ್ದಾಗ ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬರುತ್ತಿದ್ದರು. ಹೆಡ್‌ಮಾಸ್ತರ ಕೋಣೆಯಲ್ಲಿ ಕಾಫಿ ಕುಡಿದು, ಶಾಲೆ ಹೇಗೆ ನಡೆಯುತ್ತಿದೆ ಎನ್ನುತ್ತಿದ್ದರು. ಚೆನ್ನಾಗಿ ನಡೆಯುತ್ತಿದೆ, ಹಾಜರಾತಿಯೊಂದೇ ಸ್ವಲ್ಪ ಕಡಿಮೆ ಎಂಬ ಉತ್ತರ ಬರುತ್ತಿತ್ತು. ಅದು ಸುಳ್ಳಲ್ಲ. ಹುಡುಗರು ಏಕೆ ಬರುತ್ತಿಲ್ಲ ಎಂದು ಹಿಂದಿನ ಬೆಂಚಿನ ಹುಡುಗನನ್ನು ಕೇಳಿದ್ದರೆ, ಅಣ್ಣ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾನೆ ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ. ರಿಪೋರ್ಟಿನಲ್ಲಿ ಹಾಜರಾತಿ ಕಡಿಮೆ ಎಂದಷ್ಟೇ ಬಂತು.

ಹಂಗೇರಿಯಲ್ಲೂ ಆದುದು ಇದೇ. ೨೦೧೦ರ ದಶಕದ ಉತ್ತರಾರ್ಧದಲ್ಲಿ ಕಂಪನಿಗಳ ಉತ್ತರದಲ್ಲೆಲ್ಲ ಒಂದೇ ಕೂಗು: ಕೆಲಸಗಾರರ ಕೊರತೆ! ಕೊರತೆ ಎಲ್ಲಿಂದ ಬಂತು? ೨೦೦೪ರ ಮೇ ಒಂದರಂದು ಹಂಗೇರಿ ಯೂರೋಪಿಯನ್ ಒಕ್ಕೂಟ ಸೇರಿತು. ೨೦೧೧ರ ಮೇ ಒಂದರಿಂದ ಜರ್ಮನಿ, ಆಸ್ಟ್ರಿಯಗಳು ಹಂಗೇರಿಯ ದುಡಿಮೆಗಾರನಿಗೆ ಪೂರ್ತಿ ಬಾಗಿಲು ತೆರೆದವು. ಅಲ್ಲಿ ಅದೇ ಕೆಲಸಕ್ಕೆ ಎಷ್ಟೋ ಪಟ್ಟು ಹೆಚ್ಚು ಬಟವಾಡೆ. ಜನ ಗಂಟುಮೂಟೆ ಕಟ್ಟಿದರು.

ನಮ್ಮ ಅಂಗಡಿಕಾರ ಮಿತ್ರರನ್ನೇ ಕೇಳುತ್ತೇವೆ. ಮಂಡಿಯ ದರದ ಅರ್ಧ ಕೊಡುತ್ತೇನೆಂದು ನಿಂತು, ಅಯ್ಯೋ ಅಕ್ಕಿ ಸಿಗುತ್ತಿಲ್ಲ ಎಂದು ಗೋಳಿಡುವವನಿಗೆ ನೀವು ಏನೆನ್ನುತ್ತೀರಿ? ಅಕ್ಕಿ ಇದೆ ಸ್ವಾಮಿ, ನಿಮ್ಮ ಕೈಬಿಚ್ಚದೆ ಅದು ಮೂಟೆ ಬಿಚ್ಚದು ಎನ್ನುತ್ತೀರಿ. ಅಕ್ಕಿಯ ವಿಷಯದಲ್ಲಿ ನಗೆಪಾಟಲಾಗುವ ಮಾತು ಆಳಿನ ವಿಷಯಕ್ಕೆ ಬಂದಾಗ ಅರ್ಥಶಾಸ್ತ್ರವಾಗುತ್ತದೆ!

ಈ ರೋಗಕ್ಕೆ ಸರ್ಕಾರ ಅರೆದ ಮದ್ದು ಯಾವುದು ಗೊತ್ತೆ? ೨೦೧೮ರ ಡಿಸೆಂಬರ್ ೧೨ರಂದು ಓರ್ಬಾನ್ ಸರ್ಕಾರ ಕಾರ್ಮಿಕ ಕಾನೂನಿಗೆ ತಿದ್ದುಪಡಿ ತಂದಿತು. ವರ್ಷಕ್ಕೆ ೨೫೦ ಗಂಟೆಯಿದ್ದ ಓವರ್‌ಟೈಮಿನ ಮಿತಿ ೪೦೦ ಗಂಟೆಗೆ ಏರಿತು. ದುಡಿದ ಗಂಟೆಗಳ ಲೆಕ್ಕ ಚುಕ್ತಾ ಮಾಡುವ ಅವಧಿಯನ್ನು ಒಪ್ಪಂದದ ಮೂಲಕ ಹನ್ನೆರಡು ತಿಂಗಳಿಂದ ಮೂವತ್ತಾರು ತಿಂಗಳವರೆಗೆ ಎಳೆಯಲು ಅವಕಾಶವಾಯಿತು. ೪೦೦ ಗಂಟೆಯನ್ನು ಎಂಟರಿಂದ ಭಾಗಿಸಿ: ಐವತ್ತು ದಿನ. ಅಂದರೆ ಹೆಚ್ಚುಕಡಿಮೆ ವಾರಕ್ಕೊಂದು ದಿನದ ದುಡಿಮೆ ಹೆಚ್ಚಿಗೆ. ಆಳು ಸಾಲದಿದ್ದರೆ ಕೂಲಿ ಏರಿಸಬೇಕೆಂಬುದು ಮಾರುಕಟ್ಟೆಯ ನ್ಯಾಯ. ಇದ್ದ ಆಳಿನಿಂದಲೇ ಇನ್ನಷ್ಟು ಹಿಂಡು ಎಂಬುದು ಒಡೆಯರ ನ್ಯಾಯ. ಮಾರುಕಟ್ಟೆಯ ಹೆಸರು ಜಪಿಸುವವರೇ ಮಾರುಕಟ್ಟೆಯ ನ್ಯಾಯವನ್ನು ತಪ್ಪಿಸಿದರು.

ಬಲವಂತವೇನಿಲ್ಲ, ಮಿತಿ ಮೀರಿದ ಗಂಟೆಗಳಿಗೆ ಕೆಲಸಗಾರನ ಒಪ್ಪಿಗೆ ಬೇಕು, ಹೆಚ್ಚು ದುಡಿಯಬಯಸುವವನಿಗೆ ಇದ್ದ ಅಡ್ಡಿ ತೆಗೆದಿದ್ದೇವೆ ಎಂದು ಸರ್ಕಾರ ಹೇಳಿತು. ಒಪ್ಪಿಗೆ! ಮನೆಯ ಬಾಡಿಗೆ ಬಾಕಿಯಿದ್ದವನ ಮುಂದೆ ಮ್ಯಾನೇಜರು ಕಾಗದ ಹಿಡಿದು ನಿಂತಾಗ ಬೀಳುವ ರುಜುವಿನ ಬೆಲೆ ಗಿರಣಿಯಲ್ಲಿ ದುಡಿದವರೆಲ್ಲ ಬಲ್ಲರು. ಹಂಗೇರಿಯ ಜನವೂ ಬಲ್ಲರು. ಅವರು ಅದಕ್ಕೆ ಗುಲಾಮರ ಕಾನೂನು ಎಂದು ಹೆಸರಿಟ್ಟು, ಡಿಸೆಂಬರಿನ ಚಳಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬುಡಾಪೆಸ್ಟಿನ ಬೀದಿಗಿಳಿದರು.

ಸಣ್ಣ ವ್ಯಾಪಾರಿಗಳು ಇದು ಕೂಲಿಯವರ ಜಗಳವೆಂದು ಪಕ್ಕಕ್ಕಿಡದಿರಲಿ. ೨೦೧೨ರಿಂದ ಆ ದೇಶದ ವ್ಯಾಪಾರಿಗಳೆಲ್ಲ ಚೇಂಬರಿನಲ್ಲಿ ಕಡ್ಡಾಯವಾಗಿ ಹೆಸರು ನೋಂದಾಯಿಸಿ ವರ್ಷಕ್ಕೆ ಐದು ಸಾವಿರ ಫೊರಿಂಟ್ ಕಟ್ಟಬೇಕೆಂದು ವಿಧಿಸಿದರು. ಅದೇ ವರ್ಷ ಮಾರಾಟದ ಮೇಲಿನ ವ್ಯಾಟ್ ತೆರಿಗೆಯನ್ನು ಶೇಕಡ ೨೭ಕ್ಕೆ ಏರಿಸಿದರು. ೨೦೧೭ರಲ್ಲಿ ಕಂಪನಿಗಳ ಲಾಭದ ಮೇಲಿನ ತೆರಿಗೆಯನ್ನು ಶೇಕಡ ೯ಕ್ಕೆ ಇಳಿಸಿದರು. ಇನ್ನು ಸ್ವಂತ ಕಸುಬಿನವರಿಗೆ ೨೦೧೩ರಿಂದ 'ಕಾತಾ' ಎಂಬ ಸರಳ ತೆರಿಗೆಯಿತ್ತು: ತಿಂಗಳಿಗೆ ಐವತ್ತು ಸಾವಿರ ಫೊರಿಂಟ್ ಕಟ್ಟಿದರೆ ಹೆಚ್ಚಿನ ಕಿರುಕುಳವಿರಲಿಲ್ಲ. ಅದನ್ನು ಕೆಲವು ಒಡೆಯರು ದುರುಪಯೋಗ ಮಾಡಿಕೊಂಡರು. ತಮ್ಮ ಆಳನ್ನೇ ಸ್ವಂತ ಕಸುಬಿನವನೆಂದು ಬರೆಸಿ ರಜೆ, ವಿಮೆ, ನೌಕರಿಯ ಹಕ್ಕು ಎಲ್ಲವನ್ನೂ ಉಳಿಸಿಕೊಂಡರು. ಶಿಕ್ಷೆ ಯಾರಿಗೆ? ೨೦೨೨ರ ಜುಲೈಯಲ್ಲಿ ತರಾತುರಿಯಿಂದ ಕಾನೂನು ತಿದ್ದಿ, ಸೆಪ್ಟೆಂಬರಿನಿಂದ ಬಹುಪಾಲು ಕಸುಬುದಾರರನ್ನು ಆ ತೆರಿಗೆಯಿಂದ ಹೊರಗೆ ದೂಡಿದರು. ಜನ ಸೇತುವೆಯ ಮೇಲೆ ಕುಳಿತು ಸಂಚಾರ ತಡೆದರು. ಆ ತೆರಿಗೆಯನ್ನು ಬಿಗಿ ಮಾಡಬೇಕೆಂದು ಮೊದಲಿಂದ ಒತ್ತಾಯಿಸಿದವರಲ್ಲಿ ಚೇಂಬರಿನ ಅಂದಿನ ಅಧ್ಯಕ್ಷರೂ ಇದ್ದರು! ವಂತಿಗೆ ಕೊಡುವಾಗ ಸಣ್ಣವನೂ ವ್ಯಾಪಾರಿ. ಮಾತು ಕೇಳುವಾಗ ದೊಡ್ಡವನೇ ವ್ಯಾಪಾರಿ.

ಹಳೆಯ ಆಳ್ವಿಕೆಯೇ ಚೆನ್ನಾಗಿತ್ತೆಂದು ಯಾರೂ ಹೊರಡುವುದು ಬೇಡ. ೧೯೭೦ರ ದಶಕದ ಆರಂಭದಲ್ಲಿ ಮಿಕ್ಲೋಶ್ ಹರಸ್ತಿ ಎಂಬ ಯುವಕ ಬುಡಾಪೆಸ್ಟಿನ ರೆಡ್ ಸ್ಟಾರ್ ಟ್ರಾಕ್ಟರ್ ಕಾರ್ಖಾನೆಯಲ್ಲಿ ದುಡಿದು, ಪೀಸ್ ರೇಟಿನ ಕೂಲಿ ಮನುಷ್ಯನನ್ನು ಹೇಗೆ ಅರೆಯುತ್ತದೆಂದು ಬರೆದರು. ಏಕಕಾಲಕ್ಕೆ ಎರಡು ಯಂತ್ರ ನೋಡಿಕೊಳ್ಳುವವನ ಕಷ್ಟವನ್ನು ಆ ಪುಸ್ತಕದಿಂದ ನಮ್ಮ ಮಗ್ಗದವರು ಕಲಿಯಬೇಕಾಗಿಲ್ಲ. ಬರೆದದ್ದಕ್ಕೆ ಸಿಕ್ಕ ಬಹುಮಾನ ಮೊಕದ್ದಮೆ. ಎಂಟು ತಿಂಗಳ ಸಜೆ ವಿಧಿಸಿ ಅಮಾನತಿನಲ್ಲಿಟ್ಟರು. ಕಾರ್ಮಿಕರ ರಾಜ್ಯವೆಂದು ಬೋರ್ಡು ಹಾಕಿಕೊಂಡವರೂ ಕಾರ್ಮಿಕನನ್ನು ಕೇಳಲಿಲ್ಲ. ಕೇಳದೆ ಹೇಳಿದವನನ್ನು ಕಟಕಟೆಗೆ ಹತ್ತಿಸಿದರು.

ಹಾಗಾದರೆ ದಾರಿ ಯಾವುದು? ದಾರಿಯನ್ನು ಜ್ಯೋರ್ ಪಟ್ಟಣದ ಕಾರ್ಮಿಕರು ತೋರಿಸಿದ್ದಾರೆ. ಅಲ್ಲಿ ಆಡಿ ಕಂಪನಿಯ ದೊಡ್ಡ ಎಂಜಿನ್ ಕಾರ್ಖಾನೆಯಿದೆ. ಸಮೀಕ್ಷೆಯವರು ಬಂದು ಕೇಳಲೆಂದು ಅಲ್ಲಿಯ ಸಂಘ ಕಾಯಲಿಲ್ಲ. ಅದೇ ಒಡೆತನದ ಪಕ್ಕದ ದೇಶಗಳ ಕಾರ್ಖಾನೆಗಳಲ್ಲಿ ಅದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆಂದು ತಾನೇ ಲೆಕ್ಕ ತೆಗೆಯಿತು. ಸ್ಲೊವಾಕಿಯ, ಪೋಲೆಂಡುಗಳಿಗಿಂತ ನಮಗೆ ಕಡಿಮೆ ಎಂದು ಎಲ್ಲರ ಮುಂದಿಟ್ಟಿತು. ೨೦೧೯ರ ಜನವರಿಯಲ್ಲಿ ಸುಮಾರು ಒಂದು ವಾರ ಮುಷ್ಕರ ಹೂಡಿತು. ಎಂಜಿನ್ ಬಾರದೆ ಜರ್ಮನಿಯ ಇಂಗೋಲ್‌ಸ್ಟಾಟ್ ನಗರದ ಮುಖ್ಯ ಕಾರ್ಖಾನೆಯ ಕೆಲಸವೇ ನಿಂತಿತು. ಸಂಘ ಕೇಳಿದ್ದು ಶೇಕಡ ೧೮ ಏರಿಕೆ. ಪಡೆದದ್ದೂ ಶೇಕಡ ೧೮. ಗುಲಾಮರ ಕಾನೂನು ಬಂದು ಎರಡು ತಿಂಗಳೂ ಆಗಿರಲಿಲ್ಲ. ಕೊಡಲು ಹಣವಿಲ್ಲವೆಂಬುದು ಅಂದೇ ಸುಳ್ಳಾಯಿತು. ಅದೂ ಒಂದು ಸಮೀಕ್ಷೆಯೇ, ಬಂಧುಗಳೆ. ಕೇಳಿದವರೂ ಕಾರ್ಮಿಕರು, ಹೇಳಿದವರೂ ಕಾರ್ಮಿಕರು, ಕೂಡಿ ಕಳೆದವರೂ ಕಾರ್ಮಿಕರು.

ನಮ್ಮ ನಾಡಿನಲ್ಲಿ ರಿಸರ್ವ್ ಬ್ಯಾಂಕೂ ಕೈಗಾರಿಕೆಗಳ ಮುನ್ನೋಟ ತಿಳಿಯಲು ಮೂರು ತಿಂಗಳಿಗೊಮ್ಮೆ ಕಂಪನಿಗಳನ್ನೇ ಕೇಳುತ್ತದೆ. ೨೦೨೩ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಸನಸಭೆ ಕಾರ್ಖಾನೆ ಕಾಯಿದೆ ತಿದ್ದಿ, ವಾರದ ೪೮ ಗಂಟೆಯ ಮಿತಿಯೊಳಗೆ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ದಾರಿ ಮಾಡಿತು. ಆ ತಿದ್ದುಪಡಿಗೆ ಮುಂಚೆ ನಿಮ್ಮ ಪಾಳಿಗೆ ಬಂದು, ಹನ್ನೆರಡನೆಯ ಗಂಟೆಯಲ್ಲಿ ನಿಮ್ಮ ಕಣ್ಣು ಮಗ್ಗದ ಮೇಲೆ ನಿಲ್ಲುತ್ತದೆಯೆ ಎಂದು ಯಾರಾದರೂ ಕೇಳಿದರೆ? ನಮ್ಮನ್ನಂತೂ ಕೇಳಲಿಲ್ಲ.

ಆದುದರಿಂದ ನಮ್ಮ ಸಲಹೆ ಸರಳವಾಗಿದೆ. ಪ್ರತಿ ಗಿರಣಿಯ ಗೇಟಿನಲ್ಲಿ ಸಂಘದವರು ಒಂದು ನೋಟುಬುಕ್ಕು ಇಡಲಿ. ಎಷ್ಟು ಗಂಟೆ ದುಡಿದಿರಿ, ಓವರ್‌ಟೈಮಿನ ಹಣ ಯಾವ ದಿನ ಕೈಸೇರಿತು, ಬದಲಿ ಕೆಲಸಗಾರನೆಂದು ಎಷ್ಟು ವರ್ಷ ಇಟ್ಟಿದ್ದಾರೆ ಎಂದು ಬರೆಯಲಿ. ಪ್ರತಿ ಅಂಗಡಿ ಸಾಲಿನಲ್ಲೂ ಒಂದು ನೋಟುಬುಕ್ಕು ಇರಲಿ. ಬಾಡಿಗೆ ಎಷ್ಟು, ತೆರಿಗೆ ಎಷ್ಟು, ಬಟವಾಡೆ ತಡವಾದ ತಿಂಗಳು ಉದ್ರಿ ಎಷ್ಟು ಏರಿತು ಎಂದು ಬರೆಯಲಿ. ಎರಡೂ ನೋಟುಬುಕ್ಕುಗಳನ್ನು ಪಕ್ಕಪಕ್ಕ ಇಟ್ಟರೆ, ಕೂಲಿಯವನ ಕಿಸೆಗೂ ಅಂಗಡಿಯವನ ಗಲ್ಲಕ್ಕೂ ಇರುವ ನಂಟು ಓದುಬರಹ ಬಲ್ಲ ಹುಡುಗನಿಗೂ ಕಾಣುತ್ತದೆ. ಮುಂದಿನ ಬಾರಿ ಆಳುಗಳೇ ಸಿಗುವುದಿಲ್ಲವೆಂದು ಯಾರಾದರೂ ಅಂಕಿ ಹಿಡಿದು ಬಂದಾಗ, ಆ ಎರಡು ನೋಟುಬುಕ್ಕುಗಳನ್ನು ಅವರ ಮುಂದಿಟ್ಟು ಕೇಳೋಣ: ಸ್ವಾಮಿ, ಎಷ್ಟು ಕೂಲಿಗೆ ಸಿಗುವುದಿಲ್ಲ?