ಫ್ಲಶ್ ಟ್ಯಾಂಕಿನ ಮುಚ್ಚಳ ತೆರೆಯಲು ಸಂಕೋಚವೇಕೆ?

ಆರ್ಕಿಮಿಡೀಸನ ತತ್ತ್ವವನ್ನು ಪರೀಕ್ಷೆಯಲ್ಲಿ ಒಂದಕ್ಷರ ತಪ್ಪದೆ ಬರೆದ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತಮ್ಮ ಮನೆಯ ಫ್ಲಶ್ ಟ್ಯಾಂಕಿನ ಮುಚ್ಚಳವನ್ನು ಒಮ್ಮೆಯಾದರೂ ಎತ್ತಿ ನೋಡಿದ್ದೀರಿ? ಪ್ಲಂಬರ್ ಬರುವವರೆಗೆ ವಾರಗಟ್ಟಲೆ ನೀರು ಸೋರಿದರೂ ಚಿಂತೆಯಿಲ್ಲ, ನಾವು ಮಾತ್ರ ಅದನ್ನು ಮುಟ್ಟಬಾರದು ಎಂಬ ಭಾವನೆ ಓದಿದವರ ಮನೆಗಳಲ್ಲಿಯೇ ಹೆಚ್ಚು. ಇದನ್ನು ಶುಚಿತ್ವವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಳೆಯ ಮಡಿವಂತಿಕೆಯೇ ಹೊಸ ಟೈಲ್ಸ್ ಹಾಕಿಸಿಕೊಂಡು ಕುಳಿತಿದೆ. ಟ್ಯಾಂಕಿನಲ್ಲಿರುವುದು ನಲ್ಲಿಯಿಂದ ಬಂದ ನೀರೇ ಹೊರತು ಬೇರೇನೂ ಅಲ್ಲ.

ಒಳಗಿರುವುದು ನಿಮ್ಮ ಹಳೆಯ ಪಾಠವೇ. ನೀರು ತುಂಬಿದಂತೆ ತೇಲುಚೆಂಡು ಮೇಲೇರಿ, ಒಳಬರುವ ನೀರಿನ ಕವಾಟವನ್ನು ಮುಚ್ಚುತ್ತದೆ. ಗುಂಡಿ ಒತ್ತಿದೊಡನೆ ತಳದ ರಬ್ಬರ್ ವಾಷರ್ ಮೇಲೆದ್ದು ನೀರು ಕೆಲವೇ ಸೆಕೆಂಡುಗಳಲ್ಲಿ ಕಮೋಡಿಗೆ ಧುಮುಕುತ್ತದೆ. ಕಶ್ಮಲವನ್ನು ತಳ್ಳುವುದು ಆ ರಭಸ. ಅಷ್ಟೇ ನೀರನ್ನು ಚೊಂಬಿನಿಂದ ಸ್ವಲ್ಪಸ್ವಲ್ಪವಾಗಿ ಸುರಿದರೆ ಫಲವಿಲ್ಲ. ಕೆಳಗಿನ ಬಾಗಿದ ಕೊಳವೆಯಲ್ಲಿ ಸುಮಾರು ಎರಡು ಅಂಗುಲ ನೀರು ಸದಾ ನಿಂತು ಚರಂಡಿಯ ದುರ್ವಾಸನೆಯನ್ನು ತಡೆಯುತ್ತದೆ. ಇಂಥ ಕೊಳವೆಗೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಗಡಿಯಾರ ತಯಾರಿಸುವವನಾಗಿದ್ದನು! ಅತಿಥಿಗಳಿಗೆಂದು ಮೀಸಲಿಟ್ಟ ಶೌಚಾಲಯ ನಾರುತ್ತಿದ್ದರೆ ಆ ನೀರು ಆವಿಯಾಗಿರಬಹುದು. ಒಂದು ಮಗ್ ನೀರು ಸುರಿದು ನೋಡಿ.

ನನ್ನನ್ನು ಹೆಚ್ಚು ಕಾಡುವುದು ಸದ್ದಿಲ್ಲದ ಸೋರಿಕೆ. ಹತ್ತು ನಿಮಿಷಕ್ಕೆ ಒಂದೇ ಲೀಟರ್ ಸೋರಿದರೂ ದಿನಕ್ಕೆ 144 ಲೀಟರ್. ತಿಂಗಳಿಗೆ 4,000 ಲೀಟರಿಗೂ ಅಧಿಕ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಬಂಧುಗಳು ಟ್ಯಾಂಕರಿಗಾಗಿ ಕಾದು ಕುಳಿತದ್ದನ್ನು ನೆನೆದು ಈ ಲೆಕ್ಕ ಓದಿರಿ. ಪರೀಕ್ಷೆ ಬಲು ಸುಲಭ. ಟ್ಯಾಂಕಿಗೆ ತುಸು ಅಡುಗೆಯ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ದೋಷ ವಾಷರಿನದು. ಬೋರ್‌ವೆಲ್ಲಿನ ಗಡಸು ನೀರಿದ್ದಲ್ಲಿ ಸುಣ್ಣದ ಪೊರೆ ಕಟ್ಟಿ ವಾಷರ್ ಸರಿಯಾಗಿ ಕೂರುವುದಿಲ್ಲ. ಟ್ಯಾಂಕಿಗೆ ಬರುವ ನೀರನ್ನು ನಿಲ್ಲಿಸಿ, ವಾಷರನ್ನು ಬಿಚ್ಚಿ ತೊಳೆಯಿರಿ. ಅಂಚು ಸವೆದಿದ್ದರೆ ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ನೀರು ಟ್ಯಾಂಕಿನೊಳಗೆ ನಿಂತಿರುವ ಕೊಳವೆಯ ಬಾಯಿಯ ಮೇಲಿಂದ ಹರಿದುಹೋಗುತ್ತಿದ್ದರೆ ಚೆಂಡಿನ ಮಟ್ಟವನ್ನು ತಗ್ಗಿಸಬೇಕು. ಚೆಂಡನ್ನು ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದರೆ ಅದು ತೂತಾಗಿದೆಯೆಂದು ತಿಳಿಯಿರಿ.

ಫ್ಲಶ್ ದುರ್ಬಲವಾದರೆ ಮೊದಲು ಟ್ಯಾಂಕಿನ ನೀರಿನ ಮಟ್ಟ ನೋಡಿ, ಅನಂತರ ಕಮೋಡಿನ ಅಂಚಿನ ರಂಧ್ರಗಳನ್ನು ವಿನೆಗರಿನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿರಿ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಒಟ್ಟಿಗೆ ಸುರಿಯಬೇಡಿ. ಹೊರಬರುವ ಕ್ಲೋರಿನ್ ಪ್ರಾಣಾಪಾಯ ತರಬಲ್ಲದು.

ಕಟ್ಟಿಕೊಂಡಾಗ ಮತ್ತೆ ಮತ್ತೆ ಫ್ಲಶ್ ಮಾಡಿದರೆ ನೀರು ಉಕ್ಕಿ ಹೊರಬರುತ್ತದೆ. ರಬ್ಬರ್ ಬಟ್ಟಲಿನ ಪಂಪಿನಿಂದ ಒತ್ತಿ ಎಳೆದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಸ್ಯಾನಿಟರಿ ಪ್ಯಾಡು, ಡೈಪರು, ಒದ್ದೆ ಟಿಶ್ಯೂಗಳನ್ನು ಒಳಗೆ ಎಸೆಯುವ ಮನೆಗಳಲ್ಲಿ ಅದು ಕೊಳವೆ ದಾಟಿ ಗುಂಡಿಯವರೆಗೂ ಹೋಗುತ್ತದೆ. ಅಲ್ಲಿಂದ ಅದನ್ನು ತೆಗೆಯುವವರು ಯಾರು? ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿ 1970ರ ದಶಕದಲ್ಲಿಯೇ ನಿಲ್ಲಿಸಲು ಹೊರಟರು. 2013ರ ಕೇಂದ್ರ ಕಾಯಿದೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ನಿಷೇಧಿಸಿದೆ. ಆದರೂ ಜನ ಇಳಿಯುತ್ತಿದ್ದಾರೆ, ವಿಷಾನಿಲಕ್ಕೆ ಸಿಕ್ಕಿ ಸಾಯುತ್ತಿದ್ದಾರೆ. ಮನೆಯ ಎಲ್ಲ ಕೊಳವೆಗಳೂ ಒಟ್ಟಿಗೆ ಗುಳುಗುಳು ಎನ್ನುತ್ತಿದ್ದರೆ ಗುಂಡಿ ತುಂಬಿರಬಹುದು. ಆಗ ಹೀರುವ ಯಂತ್ರದ ವಾಹನವನ್ನೇ ಕರೆಸಿ. ಅಗ್ಗವೆಂದು ಆಳನ್ನು ಇಳಿಸುವ ಮಾತನ್ನು ಯಾರೇ ಆಡಿದರೂ, ಅವರು ನಮ್ಮ ನಂಟರೇ ಆಗಿದ್ದರೂ, ನೇರವಾಗಿ ನಿರಾಕರಿಸಿ.

ಈ ಭಾನುವಾರ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮುಚ್ಚಳ ತೆರೆಯಿರಿ. ಅದು ಪಿಂಗಾಣಿಯದಾಗಿದ್ದರೆ ಎರಡೂ ಕೈಗಳಿಂದ ಎತ್ತಿ, ಬಟ್ಟೆ ಹಾಸಿದ ನೆಲದ ಮೇಲಿಡಿ. ಒಡೆದರೆ ಬಿಡಿ ಮುಚ್ಚಳ ಸಿಗುವುದು ಕಷ್ಟ.